ಐದನೆಯ ಓಟಗಾರ: ತರಬೇತುದಾರ ಜಾನ್ ಮ್ಯಾಕ್‌ಡೊನೆಲ್

ಅಮೆರಿಕದ ಕಾಲೇಜು ಕ್ರೀಡೆಗಳ ಚರಿತ್ರೆಯಲ್ಲಿ ಒಬ್ಬನೇ ತರಬೇತುದಾರನ ಕೈಕೆಳಗೆ ಬಂದ ರಾಷ್ಟ್ರೀಯ ಪ್ರಶಸ್ತಿಗಳನ್ನು ಎಣಿಸಹೊರಟವರು, ಆ ದೇಶದಲ್ಲಿ ಹಣಕ್ಕೂ ಹೆಸರಿಗೂ ಆಗರವಾಗಿರತಕ್ಕ ಫುಟ್‌ಬಾಲನ್ನಾಗಲಿ ಬಾಸ್ಕೆಟ್‌ಬಾಲನ್ನಾಗಲಿ ಕಲಿಸಿದ ಪ್ರಖ್ಯಾತರನ್ನೆಲ್ಲ ದಾಟಿಕೊಂಡು, ಐರ್ಲೆಂಡಿನ ಪಶ್ಚಿಮ ಭಾಗದ ಒಂದು ಒಕ್ಕಲು ಮನೆತನದಲ್ಲಿ ಹುಟ್ಟಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಸಮುದ್ರವನ್ನು ದಾಟಿ ಬಂದ ಜಾನ್ ಮ್ಯಾಕ್‌ಡೊನೆಲ್ ಎಂಬವರ ಹೆಸರಿನ ಮುಂದೆ ನಿಲ್ಲಬೇಕಾಗುತ್ತದೆ. ಅರ್ಕನ್ಸಾ ವಿಶ್ವವಿದ್ಯಾನಿಲಯದ ಪುರುಷರ ತಂಡಕ್ಕೆ 36 ವರ್ಷ ಕಾಲ ಗುರುವಾಗಿದ್ದು 2008ರಲ್ಲಿ ನಿವೃತ್ತರಾದಾಗ ಅವರ ಲೆಕ್ಕಕ್ಕೆ 40 ರಾಷ್ಟ್ರೀಯ ಪ್ರಶಸ್ತಿಗಳಿದ್ದುವು: ಗುಡ್ಡಗಾಡು ಓಟದಲ್ಲಿ 11, ಒಳಾಂಗಣ ಅಥ್ಲೆಟಿಕ್ಸ್‌ನಲ್ಲಿ 19, ಹೊರಾಂಗಣದಲ್ಲಿ 10. ಅಷ್ಟನ್ನು ಆ ದಿನದವರೆಗೆ ಯಾವ ಆಟದ ಯಾವ ತರಬೇತುದಾರನೂ ಗೆದ್ದಿರಲಿಲ್ಲ.

ಈ ಸಂಖ್ಯೆಗಳ ತೂಕ ನಮ್ಮವರಿಗೆ ತಿಳಿಯಬೇಕಾದರೆ ಅಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸದೆ ವಿಧಿಯಿಲ್ಲ. ನಮ್ಮಲ್ಲಿ ಕಾಲೇಜಿನ ಆಟಪಾಟಗಳು ವಿದ್ಯಾಭ್ಯಾಸದ ಅಂಚಿನಲ್ಲಿ ನಡೆಯತಕ್ಕವು. ಅಮೆರಿಕದಲ್ಲಾದರೋ ಒಲಿಂಪಿಕ್ಸ್‌ಗೆ ಹೋಗುವ ಓಟಗಾರರಲ್ಲಿ ಬಹುಮಂದಿ ಸಿದ್ಧರಾಗುವುದೇ ವಿಶ್ವವಿದ್ಯಾನಿಲಯದ ಅಂಗಳದಲ್ಲಿ. ವಿದ್ಯಾರ್ಥಿವೇತನ ಕೊಟ್ಟು ದೇಶವಿದೇಶಗಳಿಂದ ತರುಣರನ್ನು ಕರೆತರುವುದು, ಅವರನ್ನು ಓದಿಸುವುದು, ಓಡಿಸುವುದು, ವರ್ಷದ ಕೊನೆಗೆ ಎನ್‌ಸಿಎಎ ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ ಸ್ಪರ್ಧೆಗಳಿಗೆ ಒಯ್ಯುವುದು, ಇದೆಲ್ಲವೂ ತರಬೇತುದಾರನ ಹೊಣೆ. ಮೈಸೂರಿನಲ್ಲಿ ಹುಟ್ಟಿ 2014ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ತಂದ ಡಿಸ್ಕಸ್ ಪಟು ವಿಕಾಸ್ ಗೌಡರು ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ ಬೆಳೆದು ಬಂದದ್ದು ಇಂಥದೇ ವ್ಯವಸ್ಥೆಯೊಳಗಿನಿಂದ.

ಅಲ್ಲಿಯ ಕ್ರೀಡಾವರ್ಷವೋ ಮೂರು ಋತುಗಳದು. ಶರತ್ಕಾಲದಲ್ಲಿ ಗುಡ್ಡಗಾಡು ಓಟ, ಅದು ನವೆಂಬರಿಗೆ ಮುಗಿಯಿತೆಂದರೆ ಚಳಿಗಾಲದಲ್ಲಿ ಮಾಡಿನ ಕೆಳಗೆ 200 ಮೀಟರ್ ಸುತ್ತಿನ ಒಳಾಂಗಣ ಸ್ಪರ್ಧೆಗಳು, ಬಳಿಕ ಜೂನಿನವರೆಗೆ ಬಯಲಿನ 400 ಮೀಟರ್ ಸುತ್ತಿನ ಹೊರಾಂಗಣ. ಗುಡ್ಡಗಾಡು ಓಟದಲ್ಲಿ ಏರಿಳಿತದ ಹುಲ್ಲುನೆಲದ ಮೇಲೆ, ರಾಷ್ಟ್ರೀಯ ಮಟ್ಟದಲ್ಲಿ ಪುರುಷರಾದರೆ ಹತ್ತು ಕಿಲೋಮೀಟರ್, ಒಂದೊಂದು ತಂಡದ ಏಳು ಮಂದಿ ಓಡುತ್ತಾರೆ. ಮೊದಲು ಮುಟ್ಟಿದವನಿಗೆ ಒಂದು ಅಂಕ, ಎರಡನೆಯವನಿಗೆ ಎರಡು, ನೂರನೆಯವನಿಗೆ ನೂರು. ತಂಡದ ಮೊದಲ ಐವರ ಅಂಕಗಳನ್ನು ಕೂಡಿಸಿದಾಗ ಯಾರ ಮೊತ್ತ ಕಡಿಮೆಯೋ ಅವರು ಗೆದ್ದಂತೆ. ಆದುದರಿಂದ ತಂಡದಲ್ಲಿ ಒಬ್ಬ ಮಹಾವೀರನಿದ್ದು ಅವನು ಎಲ್ಲರಿಗಿಂತ ಮುಂದೆ ಗುರಿ ಮುಟ್ಟಿದರೂ ಅದರಿಂದ ಉಳಿಯುವುದು ಕೆಲವೇ ಅಂಕಗಳು. ಐದನೆಯವನು ದಾರಿಯಲ್ಲಿ ಕುಸಿದು ಎಂಬತ್ತನೆಯವನಾಗಿ ಬಂದನೋ, ಇಡೀ ಮನೆಯೇ ಮುಳುಗಿತು. ಮೊದಲನೆಯವನನ್ನು ದೈವವೂ ಕೊಡಬಹುದು, ಐದನೆಯವನನ್ನು ಮಾತ್ರ ತರಬೇತುದಾರನೇ ತಯಾರಿಸಬೇಕು. ಮ್ಯಾಕ್‌ಡೊನೆಲರ ವೃತ್ತಿಜೀವನವನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಮಾನದಂಡ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ.

ಅವರು ಹುಟ್ಟಿದ್ದು 1938ರ ಜುಲೈ 2ರಂದು, ಮೇಯೊ ಪ್ರಾಂತದಲ್ಲಿ, ಕ್ರಾಸ್‌ಮೊಲೀನ ಎಂಬ ಊರಿನ ಬಳಿ. 1964ರಲ್ಲಿ ಅಮೆರಿಕಕ್ಕೆ ಬಂದರು. ಕೆಲಕಾಲ ನ್ಯೂಯಾರ್ಕಿನಲ್ಲಿ ದೂರದರ್ಶನದ ಛಾಯಾಗ್ರಾಹಕರಾಗಿ ದುಡಿದುದೂ ಉಂಟು. ಲೂಯಿಸಿಯಾನದ ಲಾಫಯೆಟ್ ನಗರದ ವಿಶ್ವವಿದ್ಯಾನಿಲಯದಲ್ಲಿ ಓಡುತ್ತ ಓದುತ್ತ 1969ರಲ್ಲಿ ಪದವಿ ಪಡೆದು, ಪ್ರೌಢಶಾಲೆಗಳಲ್ಲಿ ಸ್ವಲ್ಪ ಕಾಲ ಮಕ್ಕಳನ್ನು ಓಡಿಸಿ, 1972ರಲ್ಲಿ ಅರ್ಕನ್ಸಾ ವಿಶ್ವವಿದ್ಯಾನಿಲಯದ ಗುಡ್ಡಗಾಡು ಓಟದ ತಂಡವನ್ನು ಕೈಗೆ ತೆಗೆದುಕೊಂಡರು. ಓಜಾರ್ಕ್ ಬೆಟ್ಟಗಳ ಮಡಿಲಲ್ಲಿರುವ ಫಯೆಟ್‌ವಿಲ್ ಆಗ ಓಟಕ್ಕೆ ಹೆಸರಾದ ಊರಲ್ಲ. ಅದು ಫುಟ್‌ಬಾಲಿನ ಊರು. ಅಲ್ಲಿಯ ಜನ ತಮ್ಮ ತಂಡವನ್ನು ಕಾಡುಹಂದಿಯ ಹೆಸರಿನಿಂದ ಕರೆದು, ಪಂದ್ಯದ ದಿನ ಹಂದಿಯಂತೆಯೇ ಕೂಗಿ ಹುರಿದುಂಬಿಸುವರು. ಆ ಕೂಗು ಫ್ರ್ಯಾಂಕ್ ಬ್ರಾಯ್ಲ್ಸ್ ಅವರ ಫುಟ್‌ಬಾಲ್ ತಂಡಕ್ಕೆ ಮೀಸಲಾಗಿತ್ತೇ ಹೊರತು ಬೆಳಗಿನ ಮಂಜಿನಲ್ಲಿ ಬೆಟ್ಟ ಹತ್ತಿ ಇಳಿಯುತ್ತಿದ್ದ ಬಡಕಲು ಹುಡುಗರಿಗಲ್ಲ.

ಅಂಥ ಊರಿಗೆ ಒಳ್ಳೆಯ ಓಟಗಾರರನ್ನು ಬರಮಾಡಿಕೊಳ್ಳುವುದು ಹೇಗೆ? ಐರಿಷ್ ಹುಡುಗರು ಅಮೆರಿಕದ ಕಾಲೇಜುಗಳಲ್ಲಿ ಓಡಿ ಹೆಸರು ಗಳಿಸುವ ಪದ್ಧತಿ ಮೊದಲೇ ಇತ್ತು. ಜಂಬೊ ಎಲಿಯಟ್ ಎಂಬ ಗುರುವಿನ ಕೈಕೆಳಗೆ ವಿಲನೋವಾದಲ್ಲಿ ಪಳಗಿದ ರಾನ್ ಡೆಲೇನಿ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಗೆದ್ದಿದ್ದನು. ಮ್ಯಾಕ್‌ಡೊನೆಲರೂ ತಮ್ಮ ತಾಯ್ನಾಡಿನ ಕಡೆಗೆ ಕೈಚಾಚಿದರು. ನೀಲ್ ಓಷಾನೆಸಿ ಎಂಬ ಐರಿಷ್ ತರುಣ ಅವರ ಮೊದಲ ಹೆಸರಾಂತ ಶಿಷ್ಯ. 1976ರ ಮಾಂಟ್ರಿಯಾಲ್ ಒಲಿಂಪಿಕ್ಸ್‌ನಲ್ಲಿ ಓಡಿದವನು. ಆದರೆ ಅದಕ್ಕೆ ಮೊದಲೇ, 1974ರಲ್ಲಿ, ಅರ್ಕನ್ಸಾ ತನ್ನ ಪ್ರಾದೇಶಿಕ ಒಕ್ಕೂಟವಾದ ಸೌತ್‌ವೆಸ್ಟ್ ಕಾನ್ಫರೆನ್ಸಿನ ಗುಡ್ಡಗಾಡು ಪ್ರಶಸ್ತಿಯನ್ನು ಗೆದ್ದಿತ್ತು. ಇದರ ಮುಂದಿನ ಕಥೆಯನ್ನು ಕೊನೆಗೆ ಹೇಳುವೆನು.

1978ರಲ್ಲಿ ಇಡೀ ಅಥ್ಲೆಟಿಕ್ಸ್ ವಿಭಾಗವೇ ಅವರ ವಶಕ್ಕೆ ಬಂದಿತು. ದೂರದ ಓಟವನ್ನೇ ಉಸಿರಾಡಿದ ಮನುಷ್ಯ ಇಲ್ಲಿ ಮಾಡಬಹುದಾಗಿದ್ದ ತಪ್ಪು ಸುಲಭವಾಗಿ ಊಹೆಗೆ ನಿಲುಕುವಂಥದು: ಎಲ್ಲ ವಿದ್ಯಾರ್ಥಿವೇತನವನ್ನೂ ತನಗೆ ಪ್ರಿಯರಾದ ದೂರದ ಓಟಗಾರರಿಗೇ ಹಂಚಿಬಿಡುವುದು. ಅಂಗಳದ ಸ್ಪರ್ಧೆಗಳಲ್ಲಿ ಗೆದ್ದವನಿಗೆ ಹತ್ತು ಅಂಕ, ಎರಡನೆಯವನಿಗೆ ಎಂಟು, ಹೀಗೆ ಎಂಟನೆಯವನವರೆಗೆ ಇಳಿಯುತ್ತ ಹೋಗುವ ಲೆಕ್ಕ. ಉದ್ದ ಜಿಗಿತದ ಹತ್ತಕ್ಕೂ ಹತ್ತು ಸಾವಿರ ಮೀಟರಿನ ಹತ್ತಕ್ಕೂ ಬೆಲೆ ಒಂದೇ. ಮ್ಯಾಕ್‌ಡೊನೆಲರು ಇದನ್ನು ಕಂಡುಕೊಂಡು ಜಿಗಿತಗಳನ್ನು ಡಿಕ್ ಬೂತ್ ಎಂಬ ಸಮರ್ಥ ಸಹಾಯಕರಿಗೆ ಒಪ್ಪಿಸಿದರು; ತಾವು ಅರಿಯದ ವಿದ್ಯೆಯನ್ನು ಅರಿತವನ ಕೈಗೆ ಬಿಟ್ಟುಕೊಡುವ ಈ ದೊಡ್ಡತನ ಅಧಿಕಾರದಲ್ಲಿರುವವರಲ್ಲಿ ಅಪರೂಪ. ಶಿಕಾಗೋದಿಂದ ಬಂದ ಮೈಕ್ ಕಾನ್ಲಿ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ತ್ರಿವಿಧ ಜಿಗಿತದಲ್ಲಿ ಬೆಳ್ಳಿಯನ್ನೂ, 1992ರ ಬಾರ್ಸಿಲೋನಾದಲ್ಲಿ 18.17 ಮೀಟರ್ ಹಾರಿ ಚಿನ್ನವನ್ನೂ ಗೆದ್ದನು. ಗಾಳಿಯ ಬೆಂಬಲ ನಿಯಮದ ಮಿತಿಯನ್ನು ಕೂದಲೆಳೆಯಷ್ಟು ಮೀರಿದುದರಿಂದ ಆ ದೂರ ವಿಶ್ವದಾಖಲೆಯಾಗಿ ಉಳಿಯಲಿಲ್ಲವೆಂಬುದು ಬೇರೆ ಮಾತು. ಅವನ ಬಳಿಕ ಬಂದ ಎರಿಕ್ ವಾಲ್ಡರ್ 1994ರಲ್ಲಿ ಉದ್ದ ಜಿಗಿತದಲ್ಲಿ 8.74 ಮೀಟರ್ ಹಾರಿದನು. ಹೀಗೆ ಒಂದೇ ತಂಡದಲ್ಲಿ, ಒಂದು ಕಡೆ ಗಾಳಿಗೆ ತೂರಿಹೋಗುವಂತಿದ್ದ ದೂರದ ಓಟಗಾರರೂ, ಇನ್ನೊಂದು ಕಡೆ ಬಿಲ್ಲಿನ ಹೆದೆಯಂತೆ ಬಿಗಿದ ಕಾಲುಗಳ ಜಿಗಿತಗಾರರೂ ಕೂಡಿ ನಿಂತರು.

1984ರ ಒಳಾಂಗಣ ಪ್ರಶಸ್ತಿ ಅವರ ಮೊದಲ ರಾಷ್ಟ್ರೀಯ ವಿಜಯ. ಹನ್ನೆರಡು ವರ್ಷದ ದುಡಿಮೆಯ ಫಲ ಅದು. ಆಮೇಲೆ ನಡೆದುದು ನಂಬುವುದಕ್ಕೆ ಕಷ್ಟ: ಆ ಒಳಾಂಗಣ ಪ್ರಶಸ್ತಿ 1995ರವರೆಗೆ, ಸತತವಾಗಿ ಹನ್ನೆರಡು ವರ್ಷ, ಫಯೆಟ್‌ವಿಲ್ಲನ್ನು ಬಿಟ್ಟು ಕದಲಲಿಲ್ಲ, 1994ರಲ್ಲಂತೂ ಅವರ ತಂಡ ಒಂದೇ ಒಳಾಂಗಣ ಕೂಟದಲ್ಲಿ 94 ಅಂಕ ಗಳಿಸಿತು. ಹೊರಾಂಗಣದ ಪ್ರಶಸ್ತಿ 1992ರಿಂದ 1999ರವರೆಗೆ ಎಂಟು ವರ್ಷ ಒಂದೇ ಸಮನೆ ಬಂದಿತು. ಒಂದೇ ಶೈಕ್ಷಣಿಕ ವರ್ಷದಲ್ಲಿ ಮೂರು ಋತುಗಳ ಮೂರು ಪ್ರಶಸ್ತಿಗಳನ್ನೂ ಗೆಲ್ಲುವುದಕ್ಕೆ ಅಲ್ಲಿ ತ್ರಿವಳಿ ಕಿರೀಟವೆನ್ನುತ್ತಾರೆ. 1984-85ರಲ್ಲಿ ಮೊದಲ ಬಾರಿಗೂ, 1991ರ ಶರತ್ಕಾಲದಿಂದ 1994ರ ಬೇಸಗೆಯವರೆಗೆ ಎಡೆಬಿಡದೆ ಮೂರು ಬಾರಿಯೂ, 1998-99ರಲ್ಲಿ ಮತ್ತೊಮ್ಮೆಯೂ, ಒಟ್ಟು ಐದು ಬಾರಿ ಅವರು ಅದನ್ನು ಸಾಧಿಸಿದರು.

ಈ ತ್ರಿವಳಿಯ ಕಷ್ಟ ಹೊರಗಿನವರಿಗೆ ಬೇಗ ಕಾಣುವಂಥದಲ್ಲ. ನವೆಂಬರಿನಲ್ಲಿ ಹತ್ತು ಕಿಲೋಮೀಟರ್ ಓಡಿ ದಣಿದ ಹುಡುಗನೇ ಮಾರ್ಚಿನಲ್ಲಿ ಒಳಾಂಗಣದ ಐದು ಸಾವಿರವನ್ನೂ ಜೂನಿನಲ್ಲಿ ಬಿಸಿಲಿನ ಹತ್ತು ಸಾವಿರವನ್ನೂ ಓಡಬೇಕು. ಒಂದು ಋತುವಿನಲ್ಲಿ ಅವನನ್ನು ಹಿಂಡಿದರೆ ಮುಂದಿನದಕ್ಕೆ ಉಳಿಯುವುದು ಉಳುಕಿದ ಕಾಲು, ಬಿರುಕು ಬಿಟ್ಟ ಮೂಳೆ. ಸಾಲದುದಕ್ಕೆ, ಅವರ ವೃತ್ತಿಯ ಉತ್ತರಾರ್ಧದಲ್ಲಿ ಪುರುಷರ ಗುಡ್ಡಗಾಡು ಓಟ, ಒಳಾಂಗಣ, ಹೊರಾಂಗಣ ಈ ಮೂರಕ್ಕೂ ಸೇರಿ ನಿಯಮ ಅನುಮತಿಸುತ್ತಿದ್ದುದು 12.6 ವಿದ್ಯಾರ್ಥಿವೇತನಗಳನ್ನು ಮಾತ್ರ. ಹೊರಾಂಗಣದ ಸ್ಪರ್ಧೆಗಳೇ 20ಕ್ಕೆ ಮಿಕ್ಕಿರುವಾಗ ಹನ್ನೆರಡೂವರೆ ಮಂದಿಯ ಹಣವನ್ನು ಮೂವತ್ತು ನಲವತ್ತು ಮಂದಿಗೆ ಹರಿದು ಹಂಚಬೇಕು. ಕೆಲವರಿಗೆ ಅರ್ಧ, ಕೆಲವರಿಗೆ ಕಾಲು, ಕೆಲವರಿಗೆ ಪುಸ್ತಕದ ಖರ್ಚು, ಹಲವರಿಗೆ ಬರಿಯ ಅಂಗಿ ಚಡ್ಡಿ. ಮ್ಯಾಕ್‌ಡೊನೆಲರು ಕೊನೆಯವರೆಗೂ ದನಗಳನ್ನು ಸಾಕಿಕೊಂಡಿದ್ದ ಒಕ್ಕಲಿಗ; ಇದ್ದ ಮೇವಿನಲ್ಲಿ ಮಂದೆಯನ್ನೆಲ್ಲ ಬೇಸಗೆ ದಾಟಿಸುವ ವಿದ್ಯೆ ಅವರಿಗೆ ಹೊಸದಾಗಿರಲಿಲ್ಲ.

ಅವರ ಶಿಷ್ಯರ ಪಟ್ಟಿ ದೀರ್ಘವಾದುದು; ಇಬ್ಬರು ಮೂವರನ್ನು ಹೆಸರಿಸಿದರೆ ಸಾಕು. 1987ರ ವಿಶ್ವ ಒಳಾಂಗಣ ಸ್ಪರ್ಧೆಯ 3000 ಮೀಟರ್ ಓಟದಲ್ಲಿ ಮೊದಲ ಎರಡು ಸ್ಥಾನಗಳನ್ನು ಪಡೆದ ಫ್ರ್ಯಾಂಕ್ ಓಮಾರ, ಪಾಲ್ ಡಾನೊವನ್ ಇಬ್ಬರೂ ಐರಿಷರು, ಇಬ್ಬರೂ ಮ್ಯಾಕ್‌ಡೊನೆಲರ ಗರಡಿಯವರು. ಓಮಾರ 1991ರಲ್ಲಿ ಅದೇ ಚಿನ್ನವನ್ನು ಮತ್ತೆ ಗೆದ್ದನು. ನನಗೆ ಇವರಿಗಿಂತಲೂ ಹೆಚ್ಚು ಮೆಚ್ಚುಗೆಯಾಗುವುದು ಡೇನಿಯಲ್ ಲಿಂಕನ್‌ನ ಕಥೆ. ಅರ್ಕನ್ಸಾದವನೇ ಆದ ಈ ಹುಡುಗ ಯಾರೂ ಕರೆಯದೆ, ತಾನಾಗಿ ಬಂದು ತಂಡ ಸೇರಿದವನು. 2001ರಿಂದ 2003ರವರೆಗೆ ಮೂರು ವರ್ಷವೂ ಕಾಲೇಜುಗಳ ಸ್ಟೀಪಲ್‌ಚೇಸ್ ಪ್ರಶಸ್ತಿಯನ್ನು ಗೆದ್ದು, 2006ರಲ್ಲಿ 8 ನಿಮಿಷ 8.82 ಸೆಕೆಂಡುಗಳಲ್ಲಿ ಓಡಿ ಅಮೆರಿಕದ ದಾಖಲೆಯನ್ನೇ ಮುರಿದು, ಆಮೇಲೆ ವೈದ್ಯನಾದನು. ಪ್ರತಿಭೆಯನ್ನು ಕೊಂಡು ತಂದು ಗೆದ್ದರೆಂದು ಮ್ಯಾಕ್‌ಡೊನೆಲರನ್ನು ಆಕ್ಷೇಪಿಸುವವರಿಗೆ ಈ ಒಬ್ಬನ ಹೆಸರೇ ಉತ್ತರ.

ಕೊರತೆಯನ್ನೂ ಹೇಳಬೇಕು. 2004 ಮತ್ತು 2005ರ ಹೊರಾಂಗಣ ಪ್ರಶಸ್ತಿಗಳನ್ನು ಕೂಡ ಅವರ ತಂಡ ಗೆದ್ದಿತ್ತು. ಆದರೆ ಸಹಾಯಕ ತರಬೇತುದಾರರೊಬ್ಬರು ಓಟಗಾರನೊಬ್ಬನಿಗೆ ನಿಯಮಕ್ಕೆ ವಿರುದ್ಧವಾದ ನೆರವಿತ್ತರೆಂದು ತೀರ್ಮಾನವಾಗಿ, ಎನ್‌ಸಿಎಎ ಆ ಎರಡನ್ನೂ ಹಿಂದಕ್ಕೆ ತೆಗೆದುಕೊಂಡಿತು. ತಪ್ಪು ಮ್ಯಾಕ್‌ಡೊನೆಲರದೆಂದು ಯಾರೂ ಹೇಳಲಿಲ್ಲವಾದರೂ, ಮನೆಯ ಯಜಮಾನನಾದವನು ಮನೆಯಲ್ಲಿ ನಡೆದುದಕ್ಕೆ ಉತ್ತರವಾದಿಯೇ ಸರಿ. ಅಭಿಮಾನಿಗಳು ಈಗಲೂ 42 ಎನ್ನುವುದುಂಟು. ಅದು ಬೇಡದ ಹಟ.

ಇನ್ನು ಕೊನೆಗೆಂದು ಇಟ್ಟುಕೊಂಡ ಮಾತು. 1974ರಲ್ಲಿ ಗೆದ್ದ ಆ ಪ್ರಾದೇಶಿಕ ಗುಡ್ಡಗಾಡು ಪ್ರಶಸ್ತಿಯನ್ನು ಅರ್ಕನ್ಸಾ ಮರುವರ್ಷವೂ ಗೆದ್ದಿತು, ಅದರ ಮರುವರ್ಷವೂ ಗೆದ್ದಿತು. ಸೌತ್‌ವೆಸ್ಟ್ ಕಾನ್ಫರೆನ್ಸಿನಲ್ಲಿ 1990ರವರೆಗೆ ಹದಿನೇಳು ವರ್ಷ ಹೀಗೆ ಗೆದ್ದ ಮೇಲೆ, ವಿಶ್ವವಿದ್ಯಾನಿಲಯವು ಒಕ್ಕೂಟವನ್ನೇ ಬದಲಾಯಿಸಿ ಸೌತ್‌ಈಸ್ಟರ್ನ್ ಕಾನ್ಫರೆನ್ಸನ್ನು ಸೇರಿತು; ಎದುರಾಳಿಗಳು ಬದಲಾದರು, ಓಡುವ ಹುಡುಗರ ಪೀಳಿಗೆಗಳು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇದ್ದುವು, ಅಲ್ಲಿಯೂ 2007ರವರೆಗೆ ಹದಿನೇಳು ವರ್ಷ ಗೆದ್ದಿತು. ಒಟ್ಟು 34 ವರ್ಷ, ನಡುವೆ ಒಂದೂ ಸೋಲಿಲ್ಲದೆ. ರಾಷ್ಟ್ರೀಯ ಪ್ರಶಸ್ತಿಗೆ ಕಾನ್ಲಿಯಂಥ ಅಸಾಮಾನ್ಯರ ಕಾಲ್ಬಲ ನೆರವಾಗಿರಬಹುದು. ಈ 34ಕ್ಕೆ ನೆರವಾದುದು, ಇಂದು ಯಾರಿಗೂ ಹೆಸರು ನೆನಪಿಲ್ಲದ ಆ ಐದನೆಯ ಓಟಗಾರರು ಒಂದು ವರ್ಷವೂ ಕೈಕೊಡದೆ ಬಂದು ಮುಟ್ಟಿದ್ದು. 2021ರ ಜೂನ್ 7ರಂದು ತಮ್ಮ 82ನೆಯ ವಯಸ್ಸಿನಲ್ಲಿ ಮ್ಯಾಕ್‌ಡೊನೆಲರು ತೀರಿಕೊಂಡಾಗ ಪತ್ರಿಕೆಗಳು 40 ಎಂಬ ಸಂಖ್ಯೆಯನ್ನೇ ದೊಡ್ಡದಾಗಿ ಹೇಳಿದುವು. ನನ್ನ ಎಣಿಕೆಯಲ್ಲಿ ದೊಡ್ಡದು 34.