ಗೋಧಿ ಬಿಟ್ಟವರ ರೊಟ್ಟಿ, ಗೋಧಿಯಿಲ್ಲದ ಬ್ರೆಡ್ಡು

‘ಗೋಧಿ ಪೂರ್ತಿ ಬಿಡಬೇಕು, ಚೂರೂ ತಿನ್ನಬಾರದು’ ಎಂದು ವೈದ್ಯರು ಹೇಳಿದರೆ ಬೆಂಗಳೂರಿನ ಮನೆಯಲ್ಲಿ ಮೊದಲು ಮೊಬೈಲ್ ಕೈಗೆ ಬರುತ್ತದೆ. ಅಕ್ಕಿ ಹಿಟ್ಟು, ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟ, ಕ್ಸಾಂಥನ್ ಗಮ್ ಬೆರೆಸಿದ ದುಬಾರಿ ಹಿಟ್ಟಿನ ಪೊಟ್ಟಣ ಎರಡು ದಿನದಲ್ಲಿ ಬಾಗಿಲಿಗೆ ಬರುತ್ತದೆ. ಅದೇ ಮಾತು ವಿಜಯಪುರದ ಮನೆಯಲ್ಲಿ ಬಿದ್ದರೆ ಹಿರಿಯರ ಉತ್ತರ ಸಿದ್ಧವಿರುತ್ತದೆ: ‘ಅದಕ್ಯಾಕ ಚಿಂತಿ ಮಾಡ್ತೀರಿ, ಜ್ವಾಳದ ರೊಟ್ಟಿ ಐತೆಲ್ಲ.’ ಈ ಉತ್ತರ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಓಣಿಯ ಗಿರಣಿ ಇದೆ, ಡಬ್ಬಿಯೊಳಗಿನ ಇಂಗು ಇದೆ, ಶಾಲೆಗೆ ಹೋಗುವ ಮಗುವಿನ ಬ್ರೆಡ್ಡಿನ ಆಸೆಯೂ ಇದೆ.

ಮೊದಲು ಕಾಯಿಲೆಯ ಮಾತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕ ಕೆಲವರ ದೇಹಕ್ಕೆ ಶತ್ರುವಿನಂತೆ ಕಾಣುತ್ತದೆ. ಅದರ ಮೇಲೆ ಬೀಳುವ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ಇದು ಸೀಲಿಯಾಕ್ ಕಾಯಿಲೆ. ಮಗು ಬೆಳೆಯುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ರಕ್ತಹೀನತೆ ಎಷ್ಟು ಗುಳಿಗೆ ನುಂಗಿದರೂ ಹೋಗುವುದಿಲ್ಲ. ಗೋಧಿಯ ಮೇಲಿನ ಗುಮಾನಿ ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ಕಡೆಯ ಚಳಿಗಾಲದಲ್ಲಿ. 1944–45ರ ಆ ತಿಂಗಳುಗಳಲ್ಲಿ ನೆದರ್ಲೆಂಡ್ಸಿನಲ್ಲಿ ಬ್ರೆಡ್ ಸಿಗುವುದೇ ದುಸ್ತರವಾಗಿತ್ತು. ಊರೆಲ್ಲ ಹಸಿದಿರುವಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದನ್ನೂ, ಬ್ರೆಡ್ ಮರಳಿ ಬಂದ ಮೇಲೆ ಮತ್ತೆ ಸೊರಗಿದ್ದನ್ನೂ ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕೆ ಕಂಡರು. 1950ರಲ್ಲಿ ಅದನ್ನೇ ಮಹಾಪ್ರಬಂಧವಾಗಿ ಬರೆದರು. ಇಂದಿಗೂ ಈ ಕಾಯಿಲೆಗೆ ಇರುವ ಚಿಕಿತ್ಸೆ ಊಟದ ಪಥ್ಯವೊಂದೇ.

ಭಾರತದಲ್ಲಿ ಇದು ಗೋಧಿ ಉಣ್ಣುವ ಉತ್ತರದ ರಾಜ್ಯಗಳಲ್ಲಿ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಆದರೆ ವಿಜಯಪುರ ಸೀಮೆಯ ಊಟವೂ ಮೊದಲಿನಂತಿಲ್ಲ. ಹಬ್ಬಕ್ಕೆ, ಬೀಗರು ಬಂದಾಗ ಆಗುತ್ತಿದ್ದ ಚಪಾತಿ ಈಗ ಬಹಳಷ್ಟು ಮನೆಗಳಲ್ಲಿ ನಿತ್ಯದ ಊಟ. ರವೆಯ ಉಪ್ಪಿಟ್ಟು, ಶಿರಾ, ಬೇಕರಿಯ ಖಾರಿ, ಟೋಸ್ಟು ಎಲ್ಲವೂ ಗೋಧಿಯೇ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಅನುಮಾನ ಬಂದೊಡನೆ ಮನೆಯವರೇ ಗೋಧಿ ಬಿಡಿಸಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಆಗಬೇಕು, ಬೇಕೆಂದರೆ ಕರುಳಿನ ತುಣುಕು ತೆಗೆದು ನೋಡಬೇಕು. ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.

ಇನ್ನು ರೊಟ್ಟಿ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಸಾಕು, ಗ್ಲುಟೆನ್ ಬಲೆಯಾಗಿ ಹೆಣೆದುಕೊಂಡು ಹಿಟ್ಟು ಎಳೆದಷ್ಟು ಹಿಗ್ಗುತ್ತದೆ. ಜೋಳದಲ್ಲಿ ಆ ಬಲೆ ಇಲ್ಲ. ಅದರ ಸಸಾರಜನಕವೇ ಬೇರೆ ಜಾತಿಯದು, ನೀರು ತಾಗಿದರೂ ಒಂದಕ್ಕೊಂದು ಕೈ ಹಿಡಿಯುವುದಿಲ್ಲ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟಲು ಹೋದರೆ ಅಂಚೆಲ್ಲ ಸೀಳುತ್ತದೆ. ಅದಕ್ಕೇ ಎಸರು. ಉಪ್ಪು ಹಾಕಿದ ನೀರು ಮರಳಬೇಕು. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿದು, ಮೊದಲು ಚಮಚದಲ್ಲಿ ತಿರುವಿ, ಕೈ ತಾಳುವಷ್ಟು ಆರಿದೊಡನೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಸುಮಾರು 70 ಡಿಗ್ರಿ ದಾಟುತ್ತಲೇ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆದು ಅಂಟಾಗುತ್ತವೆ. ಹಿಟ್ಟಿಗೆ ಜಿಗಿ ಬರುವುದು ಹೀಗೆ. ಗೋಧಿಯಲ್ಲಿ ಸಸಾರಜನಕ ಮಾಡುವ ಕೆಲಸವನ್ನು ಇಲ್ಲಿ ಬೆಂದ ಪಿಷ್ಟ ಮಾಡುತ್ತದೆ.

ಆಮೇಲಿನದು ಕೈಚಳಕ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯುವಾಗ ಒಂದು ಕೈ ತಟ್ಟುತ್ತದೆ, ಇನ್ನೊಂದು ಕೈ ಅಂಚು ಸೀಳದಂತೆ ಕಾಯುತ್ತ ತಿರುಗಿಸುತ್ತದೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ಒಣಹಿಟ್ಟು ಅಲ್ಲಿ ಹಸಿಯಾಗಿ ಬೆಂದು ತೆಳ್ಳನೆಯ ಪೊರೆಯಾಗುತ್ತದೆ. ಮಗುಚಿ ಹಾಕಿದಾಗ ಒಳಗಿನ ಆವಿ ಹೊರಬರಲು ದಾರಿ ಕಾಣದೆ ರೊಟ್ಟಿ ಉಬ್ಬುತ್ತದೆ. ನೀರು ಸವರುವುದು ತಡವಾದರೆ ಪೊರೆ ಸೀಳುತ್ತದೆ, ಆವಿ ಸೋರುತ್ತದೆ, ರೊಟ್ಟಿ ಮೇಲೇಳುವುದಿಲ್ಲ. ಹಿಟ್ಟು ಹಳೆಯದಾದರೆ ಎಂಥ ಕೈಗೂ ರೊಟ್ಟಿ ಒಗ್ಗುವುದಿಲ್ಲ, ಹರಿಯುತ್ತಲೇ ಹೋಗುತ್ತದೆ. ಜೋಳ ತಂದು ಇಟ್ಟುಕೊಂಡು ಹಿಟ್ಟು ಮಾತ್ರ ಆಗಾಗ ಬೀಸಿಸುವ ರೂಢಿ ಅದಕ್ಕೇ ಬಂದದ್ದು.

ಕಡಕ್ ರೊಟ್ಟಿಯ ಲೆಕ್ಕವೇ ಬೇರೆ. ತೆಳ್ಳಗೆ ಬಡಿದು, ಬೇಯಿಸಿ, ತೇವವೆಲ್ಲ ಹೋಗುವಂತೆ ಒಣಗಿಸಿದ ಈ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಗೋಧಿಯಿಲ್ಲದ ಪ್ಯಾಕೆಟ್ ಬ್ರೆಡ್ಡಿನ ದೊಡ್ಡ ತಾಪತ್ರಯವೆಂದರೆ ಎರಡನೇ ದಿನಕ್ಕೇ ಒಣಗಿ ಪುಡಿಯಾಗುವುದು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರಿನ ಜೊತೆ ಕಡಕ್ ರೊಟ್ಟಿ ಕಟ್ಟಿಕೊಂಡು ಹೊರಟವರಿಗೆ ಆ ತಾಪತ್ರಯವಿಲ್ಲ. ಇದನ್ನು ಮನೆಯಲ್ಲೇ ಮಾಡಿ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳ ದುಡಿಮೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ. ಬೆಳಗಾಗುವ ಮೊದಲೇ ಹಂಚಿನ ಮುಂದೆ ಕೂತು ಕೈಯಿಂದ ಬಡಿಯುವ ರೊಟ್ಟಿ ಅದು.

ಕಾಳಿನ ಮಾತು ಬಿಟ್ಟು ಹಿಟ್ಟಿನ ಮಾತಿಲ್ಲ. ಈ ಸೀಮೆಯ ರೊಟ್ಟಿ ಎಂದರೆ ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ. ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ನಾಟಿ ಮಾಲದಂಡಿಯಿಂದ ಆರಿಸಿದ ಎಂ 35-1 ತಳಿ 1930ರ ದಶಕದ್ದು. ಇಷ್ಟು ಕಾಲ ಕಳೆದರೂ ಅದನ್ನು ಬಿತ್ತುವುದು ನಿಂತಿಲ್ಲ, ರೊಟ್ಟಿಯ ರುಚಿಗೆ ಅಳತೆಗೋಲು ಈಗಲೂ ಅದೇ. ಒಣಬೇಸಾಯದ ಸಂಶೋಧನೆ ವಿಜಯಪುರದಲ್ಲಿ ಶುರುವಾದದ್ದೂ ಅದೇ ದಶಕದಲ್ಲಿ. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರ ಈಚೆಗೆ ಬಿಜೆವಿ-44 ಎಂಬ ಹಿಂಗಾರಿ ಜೋಳದ ತಳಿಯನ್ನು ಕೊಟ್ಟಿದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಆಮೇಲೆ ಮಳೆಯ ಹಂಗಿಲ್ಲದೆ ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ತೆನೆ ಬಿಡುತ್ತದೆ. ವಿಜಯಪುರದಿಂದ ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ನದಿ ದಾಟುವಾಗ ಆ ಕರಿನೆಲ ಕಣ್ಣಿಗೆ ಬೀಳುತ್ತದೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಮಾತು ಹುಟ್ಟಿದ್ದು ಈ ಮಣ್ಣಿನಿಂದ.

ಆ ನೆಲದ ಚಹರೆಯೂ ಬದಲಾಗುತ್ತಿದೆ. ಟಿಕೋಟಾ ಭಾಗ ದ್ರಾಕ್ಷಿಗೆ, ಮಣೂಕಕ್ಕೆ ಹೆಸರಾಯಿತು. ತುಬಚಿ–ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರನ್ನು ಬರದ ಊರುಗಳಿಗೆ ತಂದಿತು. ಬರ ಉಂಡ ರೈತ ನೀರು ಬಂದ ಮೇಲೆ ನಾಲ್ಕು ಕಾಸು ಕಾಣುವ ಬೆಳೆಗೆ ಹೋದರೆ ತಪ್ಪು ಹೇಳುವ ಹಕ್ಕು ಪೇಟೆಯಲ್ಲಿ ಕೂತು ರೊಟ್ಟಿ ಉಣ್ಣುವ ನಮಗಿಲ್ಲ. ದೇಶದ ಲೆಕ್ಕವಂತೂ ಎದೆ ಝಲ್ಲೆನಿಸುವಂಥದು: 1970ರ ಸುಮಾರಿಗೆ 1.7 ಕೋಟಿ ಹೆಕ್ಟೇರಿನಷ್ಟಿದ್ದ ಜೋಳದ ಬಿತ್ತನೆ ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ. ಇದರ ನಡುವೆಯೇ ವಿಶ್ವಸಂಸ್ಥೆ 2023ನ್ನು ಜೋಳವೂ ಸೇರಿದ ಸಿರಿಧಾನ್ಯಗಳ ವರ್ಷವೆಂದು ಸಾರಿತು. 2024–25ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ ಇತ್ತು. ಕೈಯಿಂದ ಕಿತ್ತು ರಾಶಿ ಮಾಡುವ ಬೆಳೆಯ ಕೂಲಿ ಲೆಕ್ಕ ಹಾಕಿದವರಿಗೆ ಈ ಬೆಲೆ ಎಷ್ಟರದ್ದೆಂದು ಗೊತ್ತು.

ಈಗ ಬ್ರೆಡ್ಡು. ಗೆಳೆಯರೆಲ್ಲ ಸ್ಯಾಂಡ್‌ವಿಚ್ ತಿನ್ನುವಾಗ ತನಗೂ ಬೇಕೆನ್ನುವ ಮಗುವಿಗೆ ರೊಟ್ಟಿಯ ಹಿರಿಮೆ ಹೇಳಿ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಜೋಳದಿಂದಲೂ ಬ್ರೆಡ್ ಆಗುತ್ತದೆ. ಗುಟ್ಟು ಮತ್ತೆ ಎಸರಿನದೇ. 200 ಗ್ರಾಂ ನುಣ್ಣನೆಯ ಜೋಳದ ಹಿಟ್ಟಿನಲ್ಲಿ 40 ಗ್ರಾಂ ತೆಗೆದು 200 ಮಿಲಿಲೀಟರ್ ನೀರಲ್ಲಿ ಗಂಟಿಲ್ಲದಂತೆ ಗಂಜಿ ಕಾಯಿಸಿ ಆರಿಸಬೇಕು. ಉಳಿದ ಹಿಟ್ಟಿಗೆ 100 ಗ್ರಾಂ ಮರಗೆಣಸಿನ ಇಲ್ಲವೇ ಆಲೂಗಡ್ಡೆ ಪಿಷ್ಟ, ಔಷಧಿ ಅಂಗಡಿಯಲ್ಲಿ ಸಿಗುವ ಇಸಬಗೋಲದ ಹೊಟ್ಟು 15 ಗ್ರಾಂ, ಒಂದು ಚಮಚ ಉಪ್ಪು ಸೇರಿಸಬೇಕು. 150 ಮಿಲಿಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಸಕ್ಕರೆ ಮತ್ತು 5 ಗ್ರಾಂ ಒಣ ಈಸ್ಟ್ ನೆನೆಸಿ, ನೊರೆ ಬಂದ ಮೇಲೆ ಗಂಜಿ, ಒಂದು ಚಮಚ ಕುಸುಬಿ ಎಣ್ಣೆಯ ಜೊತೆ ಎಲ್ಲವನ್ನೂ ಕಲಸಬೇಕು. ಇಡ್ಲಿ ಹಿಟ್ಟಿಗಿಂತ ಗಟ್ಟಿ, ರೊಟ್ಟಿ ಹಿಟ್ಟಿಗಿಂತ ಸಡಿಲ ಇರಬೇಕು. ಇಸಬಗೋಲ ನೀರು ಹೀರಿ ಲೋಳೆಯಾಗಿ ಈಸ್ಟಿನ ಗಾಳಿಗುಳ್ಳೆಗಳನ್ನು ಹಿಡಿದಿಡುತ್ತದೆ, ಗಂಜಿ ಅದಕ್ಕೆ ಬಲ ಕೊಡುತ್ತದೆ.

ಗೋಧಿ ಬ್ರೆಡ್ಡಿನಂತೆ ಎರಡೆರಡು ಸಲ ಉಬ್ಬಿಸುವ ಗೋಜು ಬೇಡ. ಎಣ್ಣೆ ಸವರಿದ ಅಚ್ಚಿಗೆ ಸುರಿದು ಒಂದೇ ಸಲ ಉಬ್ಬಲು ಬಿಡಬೇಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ತಾಸು ಸಾಕಾದೀತು. ಮಿತಿಮೀರಿ ಉಬ್ಬಿದರೆ ಓವನ್ನಿನಲ್ಲಿ ನಡು ಕುಸಿಯುತ್ತದೆ. 200 ಡಿಗ್ರಿಯಲ್ಲಿ ಸುಮಾರು ಒಂದು ತಾಸು ಬೇಯಬೇಕು. ಬಿಸಿಯಿದ್ದಾಗ ಕೊಯ್ದರೆ ಚಾಕುವಿಗೆ ಮೆತ್ತುತ್ತದೆ, ಒಳಗಿನ ಪಿಷ್ಟ ಗಟ್ಟಿಯಾಗಲು ಎರಡು ತಾಸಾದರೂ ಆರಬೇಕು. ಮೈದಾ ಬ್ರೆಡ್ಡಿನ ಹತ್ತಿಯಂಥ ಮೆದು ಇದಕ್ಕೆ ಬರುವುದಿಲ್ಲ. ಬಣ್ಣ ಬೂದು, ರುಚಿ ಜೋಳದ್ದೇ. ಮರುದಿನ ಹಂಚಿನ ಮೇಲೆ ಬೆಣ್ಣೆ ಹಚ್ಚಿ ಬಿಸಿ ಮಾಡಿದರೆ ಒಳ್ಳೆಯ ರುಚಿ.

ಇಷ್ಟೆಲ್ಲ ಜತನ ಮಾಡಿದರೂ ಹಿಟ್ಟಿನಲ್ಲೇ ಗೋಧಿ ಇದ್ದರೆ ಎಲ್ಲ ವ್ಯರ್ಥ. ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟೆನ್ ಇಲ್ಲದ್ದೆಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ದಾಟುವಂತಿಲ್ಲ. ಅದು ಚಿಟಿಕೆ ಹಿಟ್ಟಿನ ಮಾತು. ಓಣಿಯ ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿ ಮುಗಿದೊಡನೆ ಅದೇ ಕಲ್ಲಿಗೆ ನಮ್ಮ ಜೋಳ ಸುರಿದರೆ ಮೊದಲು ಬೀಳುವುದು ಕಲ್ಲಿನ ಸಂದಿಯಲ್ಲಿ, ಚೀಲದ ಬಾಯಲ್ಲಿ ಉಳಿದ ಗೋಧಿ ಹಿಟ್ಟು. ಮೊದಲ ಒಂದೆರಡು ಕಿಲೋ ಬಿಟ್ಟು ಹಿಡಿದರೂ ಕಾಯಿಲೆಯವರಿಗೆ ಅದು ಖಾತ್ರಿಯಲ್ಲ. ಇಂಥವರಿರುವ ಮನೆಗೆ ಸಣ್ಣ ಮನೆಗಿರಣಿಯೋ, ಅಟ್ಟದ ಮೇಲಿರುವ ಬೀಸುಕಲ್ಲೋ ಬೇಕೇ ಬೇಕು. ಚಪಾತಿ ಲಟ್ಟಿಸಿದ ಮಣೆ, ಗೋಧಿ ಹಿಟ್ಟಿನ ಡಬ್ಬಿ, ಜರಡಿ ಬೇರೆ ಇರಬೇಕು. ಅಂಗಡಿಯ ಕೂಟು ಇಂಗಿಗೆ ಗೋಧಿ ಹಿಟ್ಟು ಬೆರೆಸಿರುವುದುಂಟು, ಡಬ್ಬಿಯ ಮೇಲಿನ ಅಕ್ಷರ ಓದಬೇಕು. ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾದ ಜವೆಗೋಧಿಯೂ ಗೋಧಿಯೇ, ಅದರ ಹುಗ್ಗಿ ಇವರಿಗೆ ವಿಷ. ಮಾದಲಿ, ಹೋಳಿಗೆಯೂ ಆಗದು. ಎಳ್ಳಮಾವಾಸ್ಯೆಯ ಸಜ್ಜೆ ಕಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಧಾರಾಳವಾಗಿ ಆದೀತು, ಸಜ್ಜೆಯನ್ನೂ ಗೋಧಿ ತಾಗದ ಕಲ್ಲಿನಲ್ಲೇ ಬೀಸಿದ್ದರೆ.

ರೊಟ್ಟಿ ಮಾರುವ ಸಂಘಗಳು, ಗಿರಣಿಯವರು ಸೇರಿದರೆ ಇದಕ್ಕೆ ದಾರಿಯಿದೆ. ಖಾರ ಕುಟ್ಟುವ ಯಂತ್ರವನ್ನು ಗಿರಣಿಯವರು ಹಿಟ್ಟಿನ ಕಲ್ಲಿನಿಂದ ಬೇರೆಯೇ ಇಡುತ್ತಾರೆ, ಖಾರ ಬೆರೆತ ಹಿಟ್ಟನ್ನು ಯಾವ ಗಿರಾಕಿಯೂ ಒಪ್ಪುವುದಿಲ್ಲವೆಂದು. ವಿಜಯಪುರ ನಗರದಲ್ಲಿ ಒಂದು, ಟಿಕೋಟಾದಲ್ಲಿ ಒಂದು, ಬಬಲೇಶ್ವರದಲ್ಲಿ ಒಂದು ಗಿರಣಿಯವರಾದರೂ ಅದೇ ರೀತಿ ಜೋಳ, ಸಜ್ಜೆಗೆಂದೇ ಒಂದು ಕಲ್ಲು ಮೀಸಲಿಟ್ಟು, ಹಿಟ್ಟನ್ನು ಪ್ರಯೋಗಾಲಯಕ್ಕೆ ಕಳಿಸಿ ತಪಾಸಣೆ ಮಾಡಿಸಲಿ. ಆ ಹಿಟ್ಟಿನ ಕಡಕ್ ರೊಟ್ಟಿಯನ್ನು ಚೀಟಿ ಅಂಟಿಸಿ ಕಳಿಸಿದರೆ ಚಪಾತಿಯ ನಾಡಾದ ಪಂಜಾಬ್, ಹರಿಯಾಣ, ದಿಲ್ಲಿಗಳಲ್ಲೇ ಅದಕ್ಕೆ ಗಿರಾಕಿಗಳಿದ್ದಾರೆ.