ಮಗ್ಗದ ಧೂಳೆಂದು ಬಿಟ್ಟ ಕೆಮ್ಮು: ಒಳಗಿರಬಹುದು ‘ಕಾರ್ಸಿನಾಯ್ಡ್’ ಗಡ್ಡೆ

ಇಚಲಕರಂಜಿ: ಇಲ್ಲಿ ಯಾರು ಕೆಮ್ಮಿದರೂ ಮೊದಲ ಮಾತು ‘ಮಗ್ಗದ ಧೂಳ ರೀ’. ಎರಡನೆಯದು ದಮ್ಮು, ಮೂರನೆಯದು ಟಿಬಿ. ಪವರ್‌ಲೂಮ್ ಊರಿನಲ್ಲಿ ಈ ಊಹೆ ಬಹಳ ಸಲ ಸರಿಯೇ. ಆದರೆ ಔಷಧ ಮುಗಿದರೂ ಕೆಮ್ಮು ಹೋಗದೆ, ಎದೆಯ ಒಂದೇ ಬದಿಗೆ ಸುಂಯ್ ಸಪ್ಪಳ, ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ, ಕಫದಲ್ಲಿ ರಕ್ತ ಕಂಡರೆ ಧೂಳಿನ ಮೇಲೆ ಹಾಕಿ ಕೂಡುವಂತಿಲ್ಲ.

ಶ್ವಾಸನಾಳದಲ್ಲಿ ಬೆಳೆಯುವ ಕಾರ್ಸಿನಾಯ್ಡ್ ಗಡ್ಡೆಯ ಲಕ್ಷಣಗಳೂ ಇವೇ. ಶ್ವಾಸಕೋಶ ಕ್ಯಾನ್ಸರಿನ 100 ರೋಗಿಗಳಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ನಟ ಇರ್ಫಾನ್ ಖಾನ್ 2018ರಲ್ಲಿ ತಮಗಿದೆ ಎಂದು ತಿಳಿಸಿದ್ದ ನ್ಯೂರೋಎಂಡೋಕ್ರೈನ್ ಗಡ್ಡೆಗಳ ಕುಲದ್ದೇ. ಆದರೆ ಕುಲ ಒಂದಾದರೂ ಗುಣ ಬೇರೆ. ಇದು ಹೆಚ್ಚಾಗಿ ನಿಧಾನಕ್ಕೆ ಬೆಳೆಯುತ್ತದೆ. ಧೂಳಿನಿಂದ ಬರುತ್ತದೆ ಎಂದಲ್ಲ, ಧೂಳಿನ ಹೆಸರಿನಲ್ಲಿ ಮುಚ್ಚಿಹೋಗುತ್ತದೆ ಅಷ್ಟೇ. ಬೀಡಿ ಮುಟ್ಟದವರಿಗೂ, ಸಣ್ಣ ವಯಸ್ಸಿನವರಿಗೂ ಬರುತ್ತದೆ. ‘ಚಟ ಇಲ್ಲ, ಕ್ಯಾನ್ಸರ್ ಹೆಂಗ ಬರ್ತದ?’ ಎಂಬ ಧೈರ್ಯವೇ ತಡ ಮಾಡಿಸುತ್ತದೆ.

ಸಣ್ಣ ಗಡ್ಡೆ ಎಕ್ಸ್‌-ರೇಗೆ ಸಿಗದೆ ಹೋಗಬಹುದು. ಕಫ ಪರೀಕ್ಷೆಯಲ್ಲಿ ಟಿಬಿ ಸಿಗದಿದ್ದರೆ ಊಹೆಯ ಮೇಲೆ ಗುಳಿಗೆ ನುಂಗುತ್ತ ಕೂಡುವ ಬದಲು ಸಿಟಿ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಬೇಕು. ಆಮೇಲೆ ದುರ್ಬೀನು ಇಳಿಸಿ ಚೂರು ತೆಗೆಯುವ ಬ್ರಾಂಕೋಸ್ಕೋಪಿ. ಬೇಕಾದರೆ ಡೋಟಾಟೇಟ್ ಪೆಟ್ ಸ್ಕ್ಯಾನ್.

ಗಡ್ಡೆ ಹರಡಿರದಿದ್ದರೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಶ್ವಾಸಕೋಶದ ಒಂದು ಭಾಗ ಹಾಗೂ ಹತ್ತಿರದ ಗಂಟುಗಳನ್ನು ತೆಗೆಯುತ್ತಾರೆ. ಕೆಲವರಲ್ಲಿ ನಾಳದ ತುಣುಕಷ್ಟೇ ಕತ್ತರಿಸಿ ಮತ್ತೆ ಜೋಡಿಸಿ ಶ್ವಾಸಕೋಶ ಉಳಿಸುವುದೂ ಉಂಟು. ತೆಗೆದ ಗಡ್ಡೆಯ ರಿಪೋರ್ಟಿನಲ್ಲಿ ನೋಡಬೇಕಾದ ಶಬ್ದ ಒಂದೇ: ‘ಟಿಪಿಕಲ್’ ಅಥವಾ ‘ಎಟಿಪಿಕಲ್’. ಟಿಪಿಕಲ್ ಆದರೆ 100ರಲ್ಲಿ ಸುಮಾರು 90 ಜನ ಐದು ವರ್ಷ ದಾಟುತ್ತಾರೆ. ಎಟಿಪಿಕಲ್‌ಗೆ ಅಷ್ಟು ಭರವಸೆ ಇಲ್ಲ, ಹರಡುವುದು ಜಾಸ್ತಿ. ಹರಡಿದವರಿಗೆ ಆಕ್ಟ್ರಿಯೋಟೈಡ್‌ನಂಥ ತಿಂಗಳ ಇಂಜೆಕ್ಷನ್, ಎವರೋಲಿಮಸ್ ಮಾತ್ರೆ ಇವೆ.

ಖರ್ಚಿನ ಮಾತು. ಅಡ್ಮಿಟ್ ಆಗುವ ಮೊದಲೇ ರೇಷನ್ ಕಾರ್ಡು, ಆಧಾರ್ ಹಿಡಿದು ಮಹಾತ್ಮಾ ಫುಲೆ ಜನಆರೋಗ್ಯ ಯೋಜನೆಯ ಆರೋಗ್ಯಮಿತ್ರರನ್ನು ಕಾಣುವುದು ಒಳ್ಳೆಯದು.

ಗಡಹಿಂಗ್ಲಜ ಕಡೆಯವರು ಕೊಲ್ಲಾಪುರದಲ್ಲಿ ತೋರಿಸಿ, ಎರಡನೇ ಅಭಿಪ್ರಾಯಕ್ಕೆ ಬೆಳಗಾವಿಗೂ ಹೋಗುತ್ತಾರೆ. ಹೋಗುವಾಗ ಕಾಗದ ಮಾತ್ರ ಒಯ್ದರೆ ಸಾಲದು. ಚೂರು ಪರೀಕ್ಷಿಸಿದ ಲ್ಯಾಬಿನಿಂದ ಗಾಜಿನ ಸ್ಲೈಡ್, ಮೇಣದ ಬ್ಲಾಕ್, ಸ್ಕ್ಯಾನಿನ ಸಿ.ಡಿ. ಕೇಳಿ ಪಡೆಯಬೇಕು. ಆಪರೇಷನ್ ಆದ ಮೇಲೂ ಆ ಫೈಲು ರದ್ದಿಗೆ ಹಾಕಬಾರದು. ಈ ಗಡ್ಡೆ ಹತ್ತು ವರ್ಷದ ಮೇಲೂ ಮರಳಿದ್ದುಂಟು.