ಡಾಲ್ಫಿನ್ ಸಂಶೋಧನೆಯಲ್ಲಿ ವಿದ್ಯಾರ್ಥಿಗಳ ಕ್ಷೇತ್ರಾಭ್ಯಾಸ

ಓಲೆಯ ಪ್ರತಿಗಳನ್ನು ಹೋಲಿಸಿ ಗ್ರಂಥವನ್ನು ಪರಿಷ್ಕರಿಸುವವರಿಗೆ, ಲಿಪಿಕಾರನೊಬ್ಬನ ಸ್ಖಾಲಿತ್ಯವು ಮುಂದಣ ಪ್ರತಿಗಳಿಗೆಲ್ಲ ಹೇಗೆ ಹಬ್ಬುವುದೆಂಬುದು ತಿಳಿದೇ ಇದೆ. ಕಡಲಿನ ಪ್ರಾಣಿಗಳನ್ನು ಕುರಿತ ಶಾಸ್ತ್ರದಲ್ಲಿಯೂ ಇಂತಹುದೇ ಒಂದು ಕಾರ್ಯವುಂಟು. ಕೆಲವು ತಿಂಗಳ ಮಟ್ಟಿಗೆ ಅಭ್ಯಾಸಕ್ಕೆಂದು ಬರುವ ವಿದ್ಯಾರ್ಥಿಗಳೂ ಅದರಲ್ಲಿ ಕೈಗೂಡಿಸುವರು.

ಅಮೆರಿಕದ ಫ್ಲಾರಿಡಾ ಸಂಸ್ಥಾನದ ಪಶ್ಚಿಮ ತೀರದಲ್ಲಿ ಸರಸೋಟಾ ಎಂಬ ಕೊಲ್ಲಿಯಿದೆ. ಅಲ್ಲಿಯ ಡಾಲ್ಫಿನ್‌ಗಳು ಅಲೆದಾಡುವುವೋ ಅಥವಾ ಒಂದೆಡೆ ನೆಲಸಿರುವುವೋ ಎಂಬ ಪ್ರಶ್ನೆಯನ್ನೆತ್ತಿಕೊಂಡು ಬ್ಲೇರ್ ಅರ್ವಿನ್ ಎಂಬವರು 1970ರಲ್ಲಿ ಶೋಧನೆಯನ್ನಾರಂಭಿಸಿದರು. ಅವರಿಗೆ ಸಹಾಯಕರಾಗಿ ಬಂದ ರಾಂಡಲ್ ವೆಲ್ಸ್ ಆಗಿನ್ನೂ ಪ್ರೌಢಶಾಲೆಯ ವಿದ್ಯಾರ್ಥಿ. ಮುಂದೆ ಅವರೇ ನಿರ್ದೇಶಕರಾಗಿ ಆ ಕಾರ್ಯವನ್ನು ಹಲವು ದಶಕಗಳ ಕಾಲ ನಡೆಸಿದರು. ಸ್ವಚ್ಛಂದವಾಗಿ ಬಾಳುವ ಡಾಲ್ಫಿನ್‌ಗಳ ಒಂದು ಸಮುದಾಯವನ್ನು ಕುರಿತ ಶೋಧನೆಗಳಲ್ಲೆಲ್ಲ ಇದೇ ದೀರ್ಘತಮವಾದುದು.

ಅಭ್ಯಾಸಿಯು ಮೊದಲು ಕಲಿಯತಕ್ಕುದು ನೋಡುವುದನ್ನು. ಡಾಲ್ಫಿನ್ ಉಸಿರಿಗಾಗಿ ಮೇಲೆದ್ದಾಗ ಅದರ ಬೆನ್ನಿನ ಈಜುರೆಕ್ಕೆಯು ಕ್ಷಣಮಾತ್ರ ಕಾಣಬರುವುದು. ಆ ರೆಕ್ಕೆಯ ಹಿಂದಣ ಅಂಚಿನಲ್ಲಿರುವ ಕಚ್ಚುಗಳೂ ಹರಿದ ಗುರುತುಗಳೂ ಒಂದರಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ. ಅವುಗಳ ಛಾಯಾಚಿತ್ರವನ್ನು ತೆಗೆದು, ವೇಳೆ, ಸ್ಥಳ, ಗುಂಪಿನ ಸಂಖ್ಯೆ, ಮರಿಗಳ ಸಂಖ್ಯೆ, ಕಡಲಿನ ಸ್ಥಿತಿ ಇವನ್ನು ದೋಣಿಯಲ್ಲಿಯೇ ಬರೆದುಕೊಳ್ಳುವರು. ದಡಕ್ಕೆ ಮರಳಿದ ಮೇಲೆ ಹೊಸ ಚಿತ್ರಗಳನ್ನು ಹಿಂದಿನ ಸಂಗ್ರಹದೊಡನೆ ಹೋಲಿಸುವರು. ಒಬ್ಬರ ನಿರ್ಣಯವನ್ನು ಅನುಭವಿಯಾದ ಮತ್ತೊಬ್ಬರು ಪರೀಕ್ಷಿಸುವರು.

ತೊಡಕಿರುವುದು ಇಲ್ಲಿಯೇ. ಶಾರ್ಕ್ ಮೀನಿನಿಂದಲೋ ದೋಣಿಯಿಂದಲೋ ಹೊಸ ಗಾಯವಾದರೆ ರೆಕ್ಕೆಯ ಆಕಾರವು ಮಾರ್ಪಡುವುದು. ಅದನ್ನು ಗಮನಿಸದೆ ಹೋದರೆ ಹಳೆಯ ಡಾಲ್ಫಿನ್ ಸತ್ತಿತೆಂದೂ ಹೊಸದೊಂದು ಬಂದಿತೆಂದೂ ಲೆಕ್ಕವಾಗುವುದು. ಎಳೆಯ ಮರಿಯ ರೆಕ್ಕೆಯಲ್ಲಿ ಸಾಮಾನ್ಯವಾಗಿ ಗುರುತೇ ಇರದು. ತಾಯಿಯ ಪಕ್ಕದಲ್ಲಿರುವುದರಿಂದ ಅದನ್ನು ಅರಿಯಬೇಕು. ನಿಶ್ಚಯವಿಲ್ಲದೆಡೆ 'ಗುರುತು ಸಿಕ್ಕಲಿಲ್ಲ' ಎಂದು ಬರೆಯುವ ಸಂಯಮವೇ ಈ ಶಿಕ್ಷಣದ ಸಾರ. ಊಹೆಯಿಂದ ಹೆಸರನ್ನು ತುಂಬುವುದು, ಓದಲಾಗದ ಅಕ್ಷರಕ್ಕೆ ಲಿಪಿಕಾರನು ತನ್ನ ಅಕ್ಷರವನ್ನು ಹಾಕಿದಂತೆ.

ಇಷ್ಟು ಎಚ್ಚರಿಕೆಗೆ ಕಾರಣವುಂಟು. ಹಲ್ಲಿನ ಪದರಗಳನ್ನೆಣಿಸಿ ಡಾಲ್ಫಿನ್‌ಗಳ ವಯಸ್ಸನ್ನು ತಿಳಿಯಬಹುದು. ಸರಸೋಟಾದಲ್ಲಿ ನಿಕ್ಲೋ ಎಂದು ಹೆಸರಾದ ಹೆಣ್ಣು ಡಾಲ್ಫಿನ್ 65 ವರ್ಷಗಳನ್ನು ದಾಟಿ ಬದುಕಿತ್ತು. ಅಷ್ಟು ದೀರ್ಘವಾದ ಬಾಳನ್ನು ಆದ್ಯಂತವಾಗಿ ನೋಡಲು ಒಬ್ಬ ವಿದ್ವಾಂಸನ ಸೇವಾಕಾಲವು ಸಾಲದು. ಮರಿಗಳು ಸಾಮಾನ್ಯವಾಗಿ 3ರಿಂದ 6 ವರ್ಷ ತಾಯಿಯ ಬಳಿಯಲ್ಲಿರುವುವು, ಬೆಳೆದ ಗಂಡುಗಳಲ್ಲಿ ಅನೇಕವು ಜೊತೆಗೂಡಿ ವರ್ಷಾನುಗಟ್ಟಲೆ ಅಗಲದೆ ಇರುವುವು, ತಲೆಮಾರುಗಳು ಅದೇ ಕೊಲ್ಲಿಯಲ್ಲಿ ಬಾಳುವುವು ಎಂಬ ಸಂಗತಿಗಳಲ್ಲಿ ಒಂದಾದರೂ ಒಂದು ಋತುವಿನಲ್ಲಿ ತಿಳಿದುಬಂದುದಲ್ಲ. ಅನೇಕರು ಬರೆದಿಟ್ಟ ದಿನವಹಿಗಳು ಒಂದಕ್ಕೊಂದು ಹೊಂದಿದುದರಿಂದ ಅವು ಸಿದ್ಧವಾದುವು.

ಆದುದರಿಂದ ಅಭ್ಯಾಸಿಯ ಕೆಲವು ತಿಂಗಳ ಕೆಲಸವನ್ನು ಅಲ್ಪವೆಂದೆಣಿಸಲಾಗದು. ಆತನು ಊರಿಗೆ ಹಿಂತಿರುಗಿದ ಬಹುಕಾಲದ ಮೇಲೆ, ಆತನನ್ನು ಕಾಣದ ಇನ್ನೊಬ್ಬ ವಿದ್ಯಾರ್ಥಿಯು ಆ ಬರೆಹವನ್ನು ನಂಬಿ ತನ್ನ ಚಿತ್ರವನ್ನು ಅದರ ಪಕ್ಕದಲ್ಲಿರಿಸುವನು.